‘ಮುಗೀತು’ ಅನ್ನೋ ಹೋರಿ

ಮೆರಾಪಿ ಎಂಬ ಬೆಂಕಿಬೆಟ್ಟದ ಇಳಿಜಾರಿನಲ್ಲಿರುವ ತ್ಲಗಾಸರಿ ಎಂಬ ಊರಿನಲ್ಲಿ ಪೊನಿರಾಳ ಬಾಯಿಗೆ ಬೀಳದ ಗಂಡಸು ಯಾರಾದರೂ ಇದ್ದರೆ, ಅವನು ಹಸು ಸಾಕಿಲ್ಲ ಎಂದೇ ಅರ್ಥ. ಹಸು ಸಾಕಿದವನು ಒಂದಲ್ಲ ಒಂದು ದಿನ ಅವಳ ಬಿದಿರಿನ ಗೇಟಿನ ಮುಂದೆ ಹಗ್ಗ ಹಿಡಿದು ನಿಲ್ಲಬೇಕು. ನಿಂತ ಮೇಲೆ ಬೈಸಿಕೊಳ್ಳಬೇಕು.

ಮೊನ್ನೆ ಪಾಕ್ ಕರ್ಯೊ ನಿಂತಿದ್ದ. ಅಲ್ಲಿ ಗಂಡಸರನ್ನು ಗೌರವದಿಂದ ಪಾಕ್ ಎಂದೂ ಹೆಂಗಸರನ್ನು ಬು ಎಂದೂ ಕರೆಯುತ್ತಾರೆ. ವಯಸ್ಸಿನಲ್ಲಿ ಅವಳಿಗಿಂತ ಹಿರಿಯ, ಮಸೀದಿಯಲ್ಲಿ ಮುಂದಿನ ಸಾಲಿನವನು. ಅದೆಲ್ಲ ಗೇಟಿನ ಆಚೆಗೆ. ಪೊನಿರಾ ಅವನ ಮುಖ ನೋಡಲಿಲ್ಲ, ಹಸುವಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೆಚ್ಚಲು ಒತ್ತಿದಳು, ಗೊರಸು ಎತ್ತಿಸಿದಳು. ಕಳೆದ ಸಲ ಕರು ಹಾಕಿದ ಮೇಲೆ ಕಸ ತಾನಾಗಿ ಬಿತ್ತೋ ಕೈ ಹಾಕಿ ತೆಗೆಸಿದ್ದೋ ಎಂದು ಕೇಳಿದಳು. ಅವನು ಏನೋ ತೊದಲಿದ.

"ಪಾಕ್, ಈ ಹಸು ಎಷ್ಟೋ ಬೆದೆ ದಾಟ್ಸಿದೆ, ಗಬ್ಬ ನಿಂತಿಲ್ಲ. ಒಂದು ಮೊಲೆ ಕಲ್ಲಾಗಿದೆ. ನನ್ನ ಹೋರಿ ಏನು ಆಸ್ಪತ್ರೆನಾ?"

"ಹಾಲು ಕೊಡುತ್ತಲ್ಲ, ಬು."

"ಮೇಕೆನೂ ಕೊಡುತ್ತೆ. ನಿಮ್ಮನೇಲಿ ಇನ್ನೊಂದಿದೆಯಲ್ಲ, ಸಣ್ಣ ಕೊಂಬಿಂದು, ಅದನ್ನ ತನ್ನಿ. ಇದನ್ನ ಕರ್ಕೊಂಡ್ ಹೋಗಿ."

ಪಾಕ್ ಕರ್ಯೊ ಗೊಣಗುತ್ತಾ ಹೋದ. ಆದರೆ ಸಣ್ಣ ಕೊಂಬಿನ ಹಸು ಬೆದೆಗೆ ಬಂದ ದಿನ ಮತ್ತೆ ಬಂದ. ಎಲ್ಲರೂ ಹಾಗೇ, ಗೊಣಗುತ್ತಾ ಹೋಗುತ್ತಾರೆ, ಮತ್ತೆ ಬರುತ್ತಾರೆ.

ಈ ಸಿಟ್ಟು ಅವಳಿಗೆ ತಾಯಿಯ ಗಿಣ್ಣುಹಾಲಿನ ಜೊತೆ ಬಂದದ್ದು ಎಂದು ಊರವರು ನಗುತ್ತಾರೆ. ಸುಳ್ಳು. ಮೊದಲೂ ಜೋರು ಬಾಯಿಯೇ, ಆದರೆ ಅದು ಸಂತೆಯಲ್ಲಿ ಮೆಣಸಿನಕಾಯಿ ಚೌಕಾಸಿ ಮಾಡುವಷ್ಟು ಜೋರು. ಈಗಿನ ಸಿಟ್ಟಿಗೆ ಒಂದು ಹುಟ್ಟಿದ ಬೆಳಗ್ಗೆ ಇದೆ, ಒಂದು ಮುಖ ಇದೆ. ಬಿಳಿ ಮುಖ.

ಅವಳ ಕೊಟ್ಟಿಗೆಯಲ್ಲಿ ಮೆಂದುಂಗ್ ಎಂಬ ಹಸು ಇತ್ತು. ಮೆಂದುಂಗ್ ಅಂದರೆ ಮೋಡ. ಮೈಯೆಲ್ಲ ಕಪ್ಪು, ಹೊಟ್ಟೆಯ ಕೆಳಗೆ ಮಾತ್ರ ಮಳೆ ಬರುವ ಮುಂಚಿನ ಬೆಳಕಿನ ಹಾಗೆ ಒಂದು ಬಿಳಿ ಗೆರೆ. ಹಸು ಅವಳದಲ್ಲ, ಹಾಜಿ ತುರ್ಮುದಿಯವರದು. ಅವಳು ಪಾಲಿಗೆ ಸಾಕುತ್ತಿದ್ದಳು. ಆ ಬೆಟ್ಟದಲ್ಲಿ ಅರ್ಧ ಕೊಟ್ಟಿಗೆಗಳು ನಡೆಯುವುದೇ ಹೀಗೆ: ಹಸು ಉಳ್ಳವರದು, ಮೇವು, ಸೆಗಣಿ, ಸೊಂಟನೋವು ಸಾಕುವವರದು. ಹಾಲು ಸಾಕಿದವಳಿಗೆ. ಕರು ಸರದಿಯ ಮೇಲೆ, ಒಂದು ಅವಳಿಗಾದರೆ ಮುಂದಿನದು ಹಾಜಿಗೆ. ಗಂಡೋ ಹೆಣ್ಣೋ, ಸರದಿ ಸರದಿಯೇ.

ಮೆಂದುಂಗ್ ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುವ ಹಸುವೇನಲ್ಲ. ಅದನ್ನು ಪೊನಿರಾ ತಾನೇ ಹೇಳುತ್ತಿದ್ದಳು. ಕೆಳಗಿನ ಕೇರಿಯಲ್ಲಿ ಎರಡು ಬಕೆಟ್ ತುಂಬಿಸುವ ಹಸುಗಳಿದ್ದವು; ಒಂದು ಸೂಲು ತುಂಬಿಸಿ ಮುಂದಿನ ಸೂಲಿಗೆ ಕಾಲು ಊದಿಸಿಕೊಂಡು ಮಲಗುತ್ತಿದ್ದವು. ಮೆಂದುಂಗ್ ಮಲಗಲಿಲ್ಲ. ಕೆಚ್ಚಲು ಬಾವು ಎಂದರೆ ಏನೆಂದು ಅದಕ್ಕೆ ಗೊತ್ತಿರಲಿಲ್ಲ. ಕರು ಹಾಕಿದ ಮೇಲೆ ಹೊತ್ತಿಗೆ ಸರಿಯಾಗಿ ಬೆದೆಗೆ ಬರುತ್ತಿತ್ತು, ಹೋರಿಯ ವೀರ್ಯ ತುಂಬಿದ ಒಂದೇ ಕಡ್ಡಿಗೆ ಗಬ್ಬ ನಿಲ್ಲುತ್ತಿತ್ತು. ಬೆಟ್ಟ ಬೂದಿ ಉಗುಳಿದ ವಾರ ಉಳಿದ ಹಸುಗಳು ಮೇವಿಗೆ ಮೂಗು ಮುರಿದಾಗ ಇದು ತೊಳೆದು ಹಾಕಿದ ನೇಪಿಯರ್ ಹುಲ್ಲನ್ನು ಮೆಲ್ಲುತ್ತಾ ನಿಂತಿತ್ತು. ಕಾಲುಬಾಯಿ ಜ್ವರ ಬಂದ ವರ್ಷ ಬೀದಿಯ ಎಷ್ಟೋ ಕೊಟ್ಟಿಗೆಗಳು ಖಾಲಿಯಾದವು. ಮೆಂದುಂಗ್ ಕೆಲವು ದಿನ ಜೊಲ್ಲು ಸುರಿಸಿತು, ಆಮೇಲೆ ಎದ್ದು ಬಾನಿಯ ಕಡೆ ನಡೆಯಿತು.

ಇಂಥ ಹಸುವಿನಿಂದ ಒಂದು ಹೆಣ್ಣು ಕರು ಬೇಕು. ಪೊನಿರಾಗೆ ಬೇಕಾದದ್ದು ಅಷ್ಟೇ. ಆದರೆ ಅವಳ ಸರದಿಯಲ್ಲೆಲ್ಲ ಗಂಡೇ ಹುಟ್ಟಿತು. ಹಾಜಿಯವರ ಸರದಿಯಲ್ಲಿ ಎರಡು ಸಲ ಹೆಣ್ಣು, ಎರಡನ್ನೂ ಅವರು ಹೊರಗಿನವರಿಗೆ ಮಾರಿಬಿಟ್ಟರು. ಈಗ ಮೆಂದುಂಗ್‌ಗೆ ವಯಸ್ಸಾಗಿತ್ತು. ಮುಂದಿನ ಕರು ಪೊನಿರಾಳ ಸರದಿ, ಅದೇ ಕೊನೆ. ಅದಾದ ಮೇಲೆ ಹಸುವನ್ನು ಹೊಡೆದುಕೊಂಡು ಹೋಗುತ್ತೇನೆ ಎಂದು ಹಾಜಿಯವರು ಮೊದಲೇ ಹೇಳಿದ್ದರು.

ಇನ್ನು ಊರು ಏನು ಮಾಡುತ್ತಿತ್ತು ಎಂದು ಕೇಳಿ. ಮೈ ತುಂಬಿಕೊಂಡ ಒಳ್ಳೆಯ ಹಸು ಬೆದೆಗೆ ಬಂದರೆ ಅದಕ್ಕೆ ಸಿಮೆಂಟಲ್ ಕಡ್ಡಿ ಹಾಕಿಸುತ್ತಿದ್ದರು. ಅದು ಮಾಂಸದ ತಳಿ. ಹುಟ್ಟುವ ಕರು ದೊಡ್ಡದು, ಮುಖ ಬೆಳ್ಳಗೆ, ನೋಡಿದ ಕೂಡಲೇ ದಲ್ಲಾಳಿಗಳು ಮುಗಿಬೀಳುತ್ತಾರೆ. ಸಣಕಲು ಹಸುವಿಗೆ ಅಂಥ ದೊಡ್ಡ ಕರು ಹೆರಲು ಆಗುವುದಿಲ್ಲ. ಆದ್ದರಿಂದ ಅದಕ್ಕೆ ಹಾಲಿನ ತಳಿ, ಕಪ್ಪುಬಿಳಿ ಕಡ್ಡಿ. ಅಂದರೆ ಒಳ್ಳೆಯ ಹಸುವಿನ ಮಕ್ಕಳೆಲ್ಲ ಕಟುಕನ ಮನೆಗೆ, ರೋಗಿಷ್ಟ ಹಸುವಿನ ಹೆಣ್ಣುಮಕ್ಕಳು ಕೊಟ್ಟಿಗೆಗೆ. ವರ್ಷವರ್ಷವೂ ಹಾಲು ಇಳಿಯುತ್ತಿತ್ತು, ಬೇನೆ ಏರುತ್ತಿತ್ತು. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಕಾಫಿ ಅಂಗಡಿಯಲ್ಲಿ ಟೆಂಪೆ ಬಜ್ಜಿ ತಿನ್ನುತ್ತಾ ಎಲ್ಲರೂ ಇದನ್ನೇ ಹೇಳಿಕೊಂಡು ಅಯ್ಯೋ ಅನ್ನುತ್ತಿದ್ದರು. ಹೇಳಿಕೊಂಡು ಮನೆಗೆ ಹೋಗಿ ಒಳ್ಳೆಯ ಹಸುವಿಗೆ ಮತ್ತೆ ಸಿಮೆಂಟಲ್ಲೇ ಹಾಕಿಸುತ್ತಿದ್ದರು. ಮುಂದಿನ ವರ್ಷ ನೋಡೋಣ, ಈ ಸಲ ಮಗಳ ಮದುವೆ ಇದೆ. ಯಾವ ವರ್ಷ ಮದುವೆ ಇರಲಿಲ್ಲ?

ಕಡ್ಡಿ ಹಾಕುವವನು ಪೊನಿರಾಳ ಸ್ವಂತ ತಮ್ಮ, ಮರ್ಸುದಿ. ಆ ಬೆಟ್ಟದ ಮಗ್ಗುಲಿಗೆಲ್ಲ ಅವನೊಬ್ಬನೇ. ಮೋಟಾರ್‌ಬೈಕಿನ ಹಿಂದೆ ಹೊಗೆಯಾಡುವ ತಣ್ಣನೆಯ ಡಬ್ಬಿ ಕಟ್ಟಿಕೊಂಡು ಓಡಾಡುತ್ತಿದ್ದ. ನಗುಮುಖದವನು, ಯಾರಿಗೂ ಇಲ್ಲ ಎನ್ನಲಾರದವನು. ಅವನನ್ನು ಅಂಗಳದಲ್ಲಿ ಎತ್ತಿ ಆಡಿಸಿದವಳು, ಮೂಗು ಒರೆಸಿದವಳು ಪೊನಿರಾಳೇ.

ಉಪವಾಸದ ತಿಂಗಳು ಕಳೆದು ಲೆಬಾರಾನ್ ಹಬ್ಬವೂ ಆಗಿ, ಊರಿನಲ್ಲಿ ಹಸುಗಳ ಹಬ್ಬದ ಬೆಳಗ್ಗೆ. ಆವತ್ತು ಎಲ್ಲರೂ ಹಸುಗಳ ಮೈ ತೊಳೆದು, ತೆಂಗಿನ ಗರಿಯಲ್ಲಿ ಬೇಯಿಸಿದ ಅನ್ನದ ಕಡುಬು ತಿನ್ನಿಸಿ, ಸುಗಂಧದೆಣ್ಣೆ ಸವರಿ ರಸ್ತೆಗೆ ಕರೆತರುತ್ತಾರೆ. ಮೆಂದುಂಗ್ ಕಡುಬು ಮೂಸಿ ಬಿಟ್ಟು ಕೂಗಲು ಶುರುಮಾಡಿತು. ಬಾಲದ ಕೆಳಗೆ ಗಾಜಿನಂಥ ಲೋಳೆ. ಬೆದೆ. ಪೊನಿರಾ ಕೂಡಲೇ ತಮ್ಮನನ್ನು ಕರೆಸಿದಳು. ಅವನು ಹೊಸ ಅಂಗಿ ಹಾಕಿಕೊಂಡು, ಬಾಯಲ್ಲಿ ಅರ್ಧ ಕಡುಬು ಇಟ್ಟುಕೊಂಡೇ ಬಂದ.

ಕಪ್ಪುಬಿಳಿ ಹಾಕು, ಒಳ್ಳೆ ತಾಯಿಗೆ ಹುಟ್ಟಿದ ಹೋರಿಯದ್ದೇ ಹಾಕು ಎಂದು ಅವಳು ಹೇಳಿದಳು, ಎರಡು ಸಲ ಹೇಳಿದಳು. ಅವನು ತಲೆಯಾಡಿಸಿದ. ಅವಳು ಮುಂದೆ ಕೊಂಬು ಹಿಡಿದು ನಿಂತಳು, ಅವನು ಹಿಂದೆ ಡಬ್ಬಿ ತೆರೆದ. ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಹುಡುಕಿದ. ಆಮೇಲೆ ಕೆಲಸ ಮುಗಿಸಿ, ಕೈತೊಳೆದು, ಹೆಂಡತಿ ಮಾಡಿದ ಕೋಳಿ ಸಾರು ಆರಿಹೋಗುತ್ತೆ ಎಂದು ನಗುತ್ತಾ ಹೋದ.

ಗಬ್ಬ ನಿಂತಿತು. ಪೊನಿರಾ ಆ ತಿಂಗಳುಗಳಲ್ಲೆಲ್ಲ ಹಸುವಿನ ಹೊಟ್ಟೆಯ ಜೊತೆ ಮಾತಾಡುತ್ತಿದ್ದಳು. ಗಂಡ ಸಗಿಮಿನ್ ಹುಲ್ಲಿನ ಹೊರೆ ಇಳಿಸುತ್ತಾ, ನನ್ನ ಜೊತೆ ಇಷ್ಟು ಮಾತಾಡಿ ಎಷ್ಟು ಕಾಲವಾಯ್ತು ಎಂದು ಕೇಳಿದ. ನೀವು ಹೆಣ್ಣು ಕರು ಹಾಕಿ, ಆಮೇಲೆ ಮಾತಾಡ್ತೀನಿ ಎಂದು ಅವಳು ಹೇಳಿದಳಂತೆ.

ಮಂಜು ಕವಿದ ಒಂದು ಬೆಳಗ್ಗೆ ಹಸು ಬೇನೆ ತಿನ್ನತೊಡಗಿತು. ಕರು ದೊಡ್ಡದಿದ್ದ ಹಾಗಿತ್ತು, ಹೊರಬರಲಿಲ್ಲ. ಮರ್ಸುದಿಗೇ ಹೇಳಿಕಳಿಸಿದರು. ಅಕ್ಕ ತಮ್ಮ ಇಬ್ಬರೂ ಸೇರಿ ಎಳೆದರು. ಮೊದಲು ಗೊರಸು, ಆಮೇಲೆ ನಸುಗೆಂಪು ಮೂಗು, ಆಮೇಲೆ ಮುಖ. ಆ ಮುಖ ಕಣ್ಣಿನವರೆಗೂ, ಕಣ್ಣು ದಾಟಿ ಕಿವಿಯವರೆಗೂ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಪೊನಿರಾ ಕೈಬಿಡಲಿಲ್ಲ. ಕರು ಪೂರ್ತಿ ಹೊರಬರುವವರೆಗೂ ಎಳೆದಳು, ಬಾಯಿಯ ಲೋಳೆ ತೆಗೆದಳು, ಹುಲ್ಲಿನಿಂದ ಎದೆ ಉಜ್ಜಿದಳು, ಅದು ಉಸಿರಾಡಿದ ಮೇಲೆ ಎದ್ದು ನಿಂತಳು.

"ಇದ್ಯಾರ ಮುಖ ಲೇ?"

ಮರ್ಸುದಿ ಕೈ ಒರೆಸಿಕೊಳ್ಳುತ್ತಾ, "ಆರೋಗ್ಯವಾಗಿದೆ ಅಕ್ಕ. ಗಂಡು. ಒಳ್ಳೆ ದೊಡ್ಡ ಕರು" ಎಂದ.

"ಮುಖ ಕೇಳ್ದೆ."

"ಆವತ್ತು ಕಪ್ಪುಬಿಳಿ ಕಡ್ಡಿ ಮುಗೀತು. ಹಬ್ಬ ಅಲ್ವಾ, ಕಡ್ಡಿ ಕೊಡೋ ಆಫೀಸು ಮುಚ್ಚಿತ್ತು. ಡಬ್ಬೀಲಿ ಉಳಿದಿದ್ದು ಸಿಮೆಂಟಲ್ಲೇ."

"ಮುಗೀತು ಅಂತ ಹೇಳೋಕೆ ಬಾಯಿಗೇನಾಗಿತ್ತು? ಕಡುಬು ತುರುಕ್ಕೊಂಡಿದ್ದೆ ಅಂತಾನಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಹೌದು. ಬೇಡ ಅಂತಿದ್ದೆ."

"ಸುಮ್ನೆ ಒಂದು ಬೆದೆ ಹಾಳಾಗ್ತಿತ್ತಕ್ಕ. ಊರಲ್ಲಿ ಎಲ್ರೂ ಕಾಲು ಹಿಡ್ಕೊಂಡು ಕೇಳೋ ಕಡ್ಡಿ ಇದು. ಮಾರಿದ ದಿನ ನೀನೇ ನನ್ನ ಕರ್ದು ಊಟ ಹಾಕ್ತೀಯ, ನೋಡ್ತಿರು."

ಅವಳಿಗೆ ಬೆಂಕಿ ಹತ್ತಿದ್ದು ಬಿಳಿ ಮುಖಕ್ಕಲ್ಲ, ಈ ಮಾತಿಗೆ. ತಾನು ಅಲ್ಲೇ, ಅದೇ ಹಸುವಿನ ಕೊಂಬು ಹಿಡಿದು ನಿಂತಿದ್ದಳು. ಒಂದು ಹಸುವಿನುದ್ದ ದೂರ. ಅಷ್ಟು ದೂರದಲ್ಲಿ ನಿಂತು ಇವನು ತನ್ನ ಪರವಾಗಿ ತೀರ್ಮಾನ ಮಾಡಿದ, ಬಾಯಿ ಒರೆಸಿಕೊಂಡು ಹೋದ, ಇಷ್ಟು ತಿಂಗಳು ಹಸುವಿನ ಹೊಟ್ಟೆ ಸವರುವುದನ್ನು ನೋಡಿಕೊಂಡು ಸುಮ್ಮನಿದ್ದ. ಇದರ ಮೇಲೆ ಊಟ ಬೇರೆ ಹಾಕಬೇಕಂತೆ. ಅವಳು ಬಿಸಿನೀರಿನ ಬಕೆಟ್ ಎತ್ತಿ ಅವನ ಕಾಲ ಬುಡಕ್ಕೆ ಸುರಿದಳು. ಅವನು ಹಾರಿ ಹಿಂದೆ ಸರಿದ.

"ಹೋಗು. ಇವತ್ತಿಂದ ಹಸುಗೆ ಬೇಕಾದ್ರೆ ಕರೀತೀನಿ. ನನಗೆ ನೀನು ಬೇಕಾಗಿಲ್ಲ."

ಕರು ಹುಟ್ಟಿದರೆ ನೆರೆಮನೆಗಳಿಗೆ ಅನ್ನ, ಬೆಲ್ಲದ ಗಂಜಿ ಹಂಚುವುದು ಅಲ್ಲಿಯ ವಾಡಿಕೆ. ಆ ಸಲ ಪೊನಿರಾ ಒಲೆ ಹಚ್ಚಲಿಲ್ಲ. ಸಗಿಮಿನ್ ತಣ್ಣನೆ ಜೋಳದನ್ನ ತಿಂದು, ಕರುವನ್ನು ನೋಡಿ ಒಳಗೊಳಗೇ ಖುಷಿಪಟ್ಟ. ಕೊಟ್ಟಿಗೆಯ ಸೂರು ಜಾಲರಿಯಾಗಿತ್ತು. ಈ ಕರು ಬೆಳೆದರೆ ಹೊಸ ಶೀಟು ಹೊದಿಸಬಹುದು ಎಂದು ಅವನ ಲೆಕ್ಕ. ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ಕರು ನೋಡಲು ಹಾಜಿ ತುರ್ಮುದಿಯವರೂ ಬಂದರು. ಒಳ್ಳೆಯ ಮನುಷ್ಯರೇ. ನಿನ್ನ ಸರದಿಗೆ ಚಿನ್ನದಂಥ ಕರು ಬಂತು, ದೇವರು ಕೊಟ್ಟ ಎಂದು ಮನಸಾರೆ ಹೇಳಿದರು. ಇನ್ನು ಕರು ಹಾಲು ಬಿಟ್ಟ ಕೂಡಲೇ ಹಸುವನ್ನು ಒಯ್ಯುತ್ತೇನೆ, ಲೆಬಾರಾನ್ ಹತ್ತಿರ ಬಂದರೆ ಕಟುಕರೇ ಮನೆಗೆ ಬರುತ್ತಾರೆ ಎಂದರು. ಪೊನಿರಾ ಅವರಿಗೆ ಕಾಫಿ ಕೊಟ್ಟು, ಲೋಟ ಕೆಳಗಿಡುವವರೆಗೂ ಕಾದು, ಹೇಳಿದಳು:

"ಪಾಕ್ ಹಾಜಿ, ಕರು ನೀವು ತಗೊಳ್ಳಿ. ಹಸು ನನಗೆ ಬಿಡಿ."

ಹಾಜಿಯವರು ಸಗಿಮಿನ್‌ನ ಮುಖ ನೋಡಿದರು. ಸಗಿಮಿನ್ ತೂತುಬಿದ್ದ ಸೂರು ನೋಡುತ್ತಿದ್ದ.

"ಬಿಳಿಮೋರೆ ಕರು ಕೊಟ್ಟು ಮುದಿ ಹಸು ತಗೋತೀಯಾ? ಇನ್ನೊಂದು ಸಲ ಗಬ್ಬ ಕಟ್ಟುತ್ತೋ ಇಲ್ವೋ. ಆಮೇಲೆ ನನ್ನ ಮನೆ ಮುಂದೆ ಬಂದು ಅಳ್ಬೇಡ, ಪೊನಿರಾ."

"ಅಳೋ ಅಭ್ಯಾಸ ಇಲ್ಲ, ಪಾಕ್ ಹಾಜಿ."

ಊರು ನಕ್ಕಿತು. ಕಾಫಿ ಅಂಗಡಿಯಲ್ಲಿ ಅವಳ ಹೆಸರು ಹೇಳಿ, ಯಾರಾದರೂ ಹೊಸ ಬೈಕ್ ಕೊಟ್ಟು ಹಳೇ ಸೈಕಲ್ ತಗೊಳ್ಳೋರಿದ್ದೀರಾ ಎಂದು ಕೂಗುತ್ತಿದ್ದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಸೂರು ಸೋರುವಲ್ಲೆಲ್ಲ ಪೊನಿರಾ ಬಕೆಟ್ ಇಟ್ಟಳು. ಬಿಳಿಮೋರೆ ಕರು ಹಾಜಿಯವರ ಮನೆಗೆ ಹೋಯಿತು. ಮೆಂದುಂಗ್ ಎರಡು ದಿನ ಕೂಗಿತು. ಆ ಎರಡು ದಿನ ಅವಳು ಕೊಟ್ಟಿಗೆ ಬಿಟ್ಟು ಕದಲಲಿಲ್ಲ.

ಮತ್ತೆ ಬೆದೆ ಬಂತು. ಮರ್ಸುದಿ ಬಂದ. ಅವಳು ಕೊಂಬು ಹಿಡಿಯಲು ಗಂಡನನ್ನು ನಿಲ್ಲಿಸಿ, ತಾನು ಡಬ್ಬಿಯ ಪಕ್ಕ ನಿಂತಳು. ಕಡ್ಡಿ ತೋರಿಸಲು ಸನ್ನೆ ಮಾಡಿದಳು. ಅವನ ಹತ್ತಿರ ಅವಳಿಗೆ ಬೇಕಾದ ಹೋರಿಯದ್ದು ಇರಲಿಲ್ಲ, ಯಾವುದೋ ಬೇರೆ ಕಪ್ಪುಬಿಳಿ ಇತ್ತು. ಇದೂ ಹಾಲಿನ ತಳಿಯೇ ಅಕ್ಕ, ಮುದಿ ಹಸು, ಒಂದೊಂದು ಬೆದೆ ದಾಟಿದಷ್ಟೂ ಕಷ್ಟ ಎಂದು ಅವನು ಹೇಳಿದ. ಅದು ನಿಜವೇ. ಅವಳು ಗೇಟಿನ ಕಡೆ ಬೆರಳು ತೋರಿಸಿದಳು. ಮುಂದಿನ ಬೆದೆಯವರೆಗೆ ಸಗಿಮಿನ್‌ಗೆ ನಿದ್ದೆಯಿಲ್ಲ. ಇನ್ನು ಈ ಹಸು ಬೆದೆಗೇ ಬರದಿದ್ದರೆ ಎಂದು ಅವನು ದಿನಕ್ಕೊಂದು ಸಲ ಕೇಳುತ್ತಿದ್ದ, ಅವಳು ದಿನಕ್ಕೊಂದು ಸಲ ಅವನ ಬಾಯಿ ಮುಚ್ಚಿಸುತ್ತಿದ್ದಳು. ರಾತ್ರಿ ಅವಳೂ ಅದನ್ನೇ ಯೋಚಿಸುತ್ತಿದ್ದಳು ಅನ್ನೋದು ಬೇರೆ ಮಾತು.

ಬೆದೆ ಬಂತು. ಈ ಸಲ ಮರ್ಸುದಿ ಬೇಕಾದ ಕಡ್ಡಿ ತಂದಿದ್ದ. ಪೊನಿರಾ ಕನ್ನಡಕ ಹಾಕಿಕೊಂಡು ಅದರ ಮೇಲಿನ ಹೋರಿಯ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಅವನು ಹಸುವಿನ ಹಿಂದೆ ನಿಂತು ಏನೋ ತಮಾಷೆ ಮಾಡಿದ. ಸಗಿಮಿನ್ ಮಾತ್ರ ನಕ್ಕ, ಅದೂ ಅರ್ಧ.

ಗಬ್ಬ ನಿಂತಿತು. ಅಷ್ಟೂ ತಿಂಗಳು ಅಕ್ಕ ತಮ್ಮನ ನಡುವೆ ಮಾತಿಲ್ಲ. ನಡುವೆ ಬಂದ ಹಬ್ಬದಲ್ಲಿ ಅವನು ಕ್ಷಮೆ ಕೇಳಿ ಕೈ ಮುಟ್ಟಲು ಬಂದ, ಆವತ್ತು ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ. ಅವಳು ಕೈ ಕೊಟ್ಟಳು, ಆದರೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದಳು. ಲೆಕ್ಕಕ್ಕೆ ಬಂತೋ ಇಲ್ಲವೋ ದೇವರಿಗೆ ಗೊತ್ತು.

ಹೆರಿಗೆಗೆ ಅವನನ್ನು ಕರೆಯುವ ಅಗತ್ಯವಿರಲಿಲ್ಲ. ಕರು ಸರಾಗವಾಗಿ ಬಂತು. ಆದರೂ ಅವನು ಬಂದಿದ್ದ, ಬಾಗಿಲಲ್ಲಿ ನಿಂತಿದ್ದ. ಮೊದಲು ಗೊರಸು, ಆಮೇಲೆ ಕಪ್ಪು ಮೂಗು, ಕಪ್ಪು ಮುಖ, ಹಣೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ. ಪೊನಿರಾಗೆ ಬಾಲ ಎತ್ತಲು ಕೈ ಬರಲಿಲ್ಲ. ಮರ್ಸುದಿಯೇ ಬಂದು ಎತ್ತಿದ.

"ಗಂಡು" ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಕಪ್ಪುಬಿಳಿ ಗಂಡು ಕರುವನ್ನು ದಲ್ಲಾಳಿ ಕಣ್ಣೆತ್ತಿಯೂ ನೋಡುವುದಿಲ್ಲ. ಅದನ್ನು ಅಲ್ಲಿ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಯಾರಿಗೂ ಇಲ್ಲ ಎನ್ನಲಾರದವನಿಗೆ ಸುಮ್ಮನಿರಲೂ ಬರುವುದಿಲ್ಲ.

"ಇದಕ್ಕಿಂತ ಆ ಬಿಳಿಮೋರೆನೇ ವಾಸಿಯಿತ್ತಲ್ಲಕ್ಕ."

ಅವಳು ಸೆಗಣಿ ಬಳಿಯುವ ಕಡ್ಡಿಪೊರಕೆ ತೆಗೆದುಕೊಂಡಳು. ಕೊಟ್ಟಿಗೆಯಿಂದ ಗೇಟಿನವರೆಗೆ, ಗೇಟಿನಿಂದ ರಸ್ತೆಯವರೆಗೆ ಅಟ್ಟಿದಳು. ಬೈಕ್ ಹತ್ತುವ ಮುಂಚೆ ಅವನ ಬೆನ್ನಿಗೆ ಎರಡು ಬಿದ್ದವು ಎಂದು ನೋಡಿದವರು ಹೇಳುತ್ತಾರೆ, ಮೂರು ಎಂದು ಪಕ್ಕದ ಮನೆಯವರು ಹೇಳುತ್ತಾರೆ.

ಏದುಸಿರು ಬಿಡುತ್ತಾ ವಾಪಸು ಬಂದಾಗ ಕರು ಆಗಲೇ ಎದ್ದು ನಿಂತಿತ್ತು. ತಾಯಿ ನೆಕ್ಕಿ ಒಣಗಿಸುವುದಕ್ಕೂ ಕಾದಿರಲಿಲ್ಲ. ಹಿಂಗಾಲು ನೇರ, ಮೆಂದುಂಗ್‌ನದೇ ಕಾಲು. ಬೆನ್ನು ಹಾಸುಗಲ್ಲಿನಂತೆ ಚಪ್ಪಟೆ. ಪೊನಿರಾ ಪೊರಕೆ ಹಿಡಿದುಕೊಂಡೇ ಅದನ್ನು ನೋಡುತ್ತಾ ನಿಂತಳು. ಈ ಕಡ್ಡಿಗಳೆಲ್ಲ ಬರುವ ಮುಂಚೆ, ಅವಳ ಅಪ್ಪನ ಕಾಲದಲ್ಲಿ, ಒಂದು ಹೋರಿಯನ್ನು ಕೇರಿಯಿಂದ ಕೇರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಹೆಣ್ಣು ಕರು ಹುಟ್ಟಿದ್ದರೆ ಒಂದು ಕೊಟ್ಟಿಗೆಗೆ ಒಂದು ಹಸು. ಇದು ಬೆಳೆದರೆ? ಹಬ್ಬಕ್ಕೆ ಆಫೀಸು ಮುಚ್ಚುತ್ತದೆ. ಡಬ್ಬಿ ಖಾಲಿಯಾಗುತ್ತದೆ. ಹೋರಿಗೆ ಯಾವ ಹಬ್ಬ?

"ಏನು ಹೆಸರಿಡೋಣ?" ಎಂದು ಸಗಿಮಿನ್ ಹೆದರಿ ಹೆದರಿ ಕೇಳಿದ.

"ಎಂಟೆಕ್" ಎಂದಳು. ಅವರ ಮಾತಿನಲ್ಲಿ ಹಾಗೆಂದರೆ ಮುಗೀತು ಎಂದು.

ಸಗಿಮಿನ್ ಕೆಮ್ಮು ಬರುವವರೆಗೂ ನಕ್ಕ. ಅವಳು ನಗಲಿಲ್ಲ, ಒಲೆ ಹಚ್ಚಲು ಹೋದಳು. ಆವತ್ತು ಬೀದಿಯ ಎಲ್ಲ ಮನೆಗೂ ಅನ್ನ, ಬೆಲ್ಲದ ಗಂಜಿ ಹೋಯಿತು. ತಮ್ಮನ ಮನೆಯೊಂದನ್ನು ಬಿಟ್ಟು.

ಮೆಂದುಂಗ್ ಮತ್ತೆ ಗಬ್ಬ ಕಟ್ಟಲಿಲ್ಲ. ಈಗಲೂ ಕೊಟ್ಟಿಗೆಯ ಮೂಲೆಯಲ್ಲಿ ಮೆಲುಕು ಹಾಕುತ್ತಾ ಇದೆ, ಸಗಿಮಿನ್ ಅದರ ಪಾಲಿನ ಹುಲ್ಲು ಕೊಯ್ಯುವಾಗ ಗೊಣಗುತ್ತಾನೆ. ಎಂಟೆಕ್ ಬೆಳೆದ. ಡಾಕ್ಟರರನ್ನು ಕರೆಸಿ ಅವನ ರಕ್ತ ಪರೀಕ್ಷೆ ಮಾಡಿಸಿದಳು, ಪ್ರತಿವರ್ಷ ಮಾಡಿಸುತ್ತೇನೆ ಎಂದಳು. ಒಂದು ಹೋರಿಯಿಂದ ರೋಗ ಊರೆಲ್ಲ ಹರಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಗೇಟಿಗೆ ಕಟ್ಟಳೆ ಬಂತು. ದಿನ ತುಂಬದೆ ಕಂದು ಹಾಕಿದ ಹಸು ಒಳಗೆ ಬರುವ ಹಾಗಿಲ್ಲ. ಕೆಚ್ಚಲು ಗಟ್ಟಿಯಾದದ್ದು, ವರ್ಷಗಟ್ಟಲೆ ಗಬ್ಬ ನಿಲ್ಲದ್ದು, ಕುಂಟುವುದು, ಯಾವುದೂ ಇಲ್ಲ. ಎಂಟೆಕ್‌ನ ಮಗಳಾದರೆ ಬೇರೆ ಹೋರಿ ನೋಡಿಕೊಳ್ಳಬೇಕು. ಬೇಡದ ಹಸುವಿಗೆ ಬೇಕಾದರೆ ಬಿಳಿಮೋರೆ ಹಾಕಿಸಿ, ಮೊದಲು ಹೊಟ್ಟೆ ತುಂಬ ಮೇವು ಹಾಕಿ, ಎಂದು ಬೈದು ಕಳಿಸುತ್ತಾಳೆ. ಒಳ್ಳೆಯದನ್ನು ಒಳಗೆ ಬಿಡುತ್ತಾಳೆ. ಊರು ತಲೆಕೆಳಗಾಗಿ ಮಾಡುತ್ತಿದ್ದುದನ್ನು ಅವಳು ಗೇಟಿನಲ್ಲಿ ನಿಂತು ಬೈಗುಳದಿಂದಲೇ ನೆಟ್ಟಗೆ ಮಾಡುತ್ತಿದ್ದಾಳೆ, ಒಂದೊಂದೇ ಹಸು.

ಈ ಸಲದ ಲೆಬಾರಾನ್ ಕಳೆದು ಹಸುಗಳ ಹಬ್ಬದ ಬೆಳಗ್ಗೆ, ರಸ್ತೆಯಲ್ಲಿ ಸುಗಂಧದೆಣ್ಣೆಯ ಘಮ, ಎಲ್ಲರ ಕೈಯಲ್ಲೂ ಗರಿಕಡುಬು. ಗೇಟಿನ ಮುಂದೆ ಒಂದು ಹಸು ಕೂಗಿತು. ಪೊನಿರಾ ಹೊರಬಂದಳು. ಹಗ್ಗ ಹಿಡಿದು ನಿಂತವನು ಮರ್ಸುದಿ. ಬೈಕಿಲ್ಲ, ಡಬ್ಬಿಯಿಲ್ಲ. ಅವನ ಹೆಂಡತಿ ತವರಿನಿಂದ ತಂದ ಹಸು, ಮನೆಮಂದಿಗೆಲ್ಲ ಅಚ್ಚುಮೆಚ್ಚಿನದು, ಬಾಲದ ಕೆಳಗೆ ಗಾಜಿನಂಥ ಲೋಳೆ.

"ಏನು?" ಎಂದಳು. ವರ್ಷಗಳ ಮೇಲೆ ತಮ್ಮನಿಗೆ ಆಡಿದ ಮೊದಲ ಮಾತು.

ಅವನು ನೆಲ ನೋಡಿದ. ರಸ್ತೆಯಲ್ಲಿ ಹೋಗುತ್ತಿದ್ದ ಪಾಕ್ ಕರ್ಯೊ ಕಡುಬು ಬಾಯಿಗಿಡುವುದನ್ನು ಮರೆತು ನಿಂತ.

"ಕಪ್ಪುಬಿಳಿ ಕಡ್ಡಿ ಇಲ್ಲ, ಅಕ್ಕ. ಇವಳಿಗೆ ಒಂದು ಹೆಣ್ಣು ಕರು ಬೇಕು ಅಂತ ಮನೇಲಿ ಆಸೆ."

"ಕಡ್ಡಿ ಇಲ್ಲ ಅಂದ್ರೆ?"

ಅವನು ಹಗ್ಗವನ್ನು ಒಂದು ಸುತ್ತು ಕೈಗೆ ಸುತ್ತಿಕೊಂಡ.

"ಮುಗೀತು."

ಪೊನಿರಾ ಹಸುವಿನ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಎಂದಿಗಿಂತ ನಿಧಾನವಾಗಿ ನಾಲ್ಕೂ ಮೊಲೆ ಒತ್ತಿದಳು. ನಾಲ್ಕೂ ಗೊರಸು ಎತ್ತಿಸಿದಳು. ಕಳೆದ ಸೂಲು, ಬೆದೆ, ಬೇನೆ ಎಲ್ಲ ಕೇಳಿದಳು. ಅವನು ಒಂದೊಂದಕ್ಕೂ ಶಾಲೆಯ ಹುಡುಗನ ಹಾಗೆ ಉತ್ತರ ಕೊಟ್ಟ. ತಪ್ಪು ಹುಡುಕಲು ಅವಳು ಪಟ್ಟ ಪಾಡು ನೋಡಬೇಕಿತ್ತು. ಸಿಗಲಿಲ್ಲ. ಹಸುವಿನಲ್ಲಿ ತಪ್ಪಿರಲಿಲ್ಲ.

ಎದ್ದು ಉಟ್ಟ ಬಟ್ಟೆಗೆ ಕೈ ಒರೆಸಿಕೊಂಡಳು, ಗೇಟಿನ ಅಗುಳಿ ತೆಗೆದಳು, ಅವನ ಕೈಯಿಂದ ಹಗ್ಗ ಕಿತ್ತುಕೊಂಡಳು.

"ಒಳ್ಳೆ ಹಸು. ಇದು ಒಳಗೆ ಬರ್ಲಿ" ಎಂದಳು. ಹಸು ಒಳಗೆ ಹೋದ ಮೇಲೆ ಗೇಟು ಮುಚ್ಚಿ ಅಗುಳಿ ಹಾಕಿದಳು. "ನೀನು ಅಲ್ಲೇ ನಿಂತಿರು."